ಅಳಿವೆಗೆ ನೀರು, ಜನಕ್ಕೆ ದಾರಿ

ಹೊಳೆ ಸಮುದ್ರವನ್ನು ಸೇರುವ ಜಾಗಕ್ಕೆ ನಮ್ಮ ಕರಾವಳಿಯವರು ಅಳಿವೆ ಎನ್ನುತ್ತಾರೆ. ಘಟ್ಟದ ಮೇಲಿನವರಿಗೆ ಈ ಮಾತು ಅಷ್ಟಾಗಿ ಪರಿಚಿತವಲ್ಲ. ಸಣ್ಣ ಹೊಳೆಗಳ ಅಳಿವೆ ಬೇಸಿಗೆಯಲ್ಲಿ ಮರಳು ಕಟ್ಟಿ ಮುಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಮರಳಿನ ದಂಡೆ ಒಡೆದು ಬಾಯಿ ತೆರೆಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಹೀಗೆಯೇ. ಆದರೆ ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ.

ಅಂಥ ಅಳಿವೆಗಳಲ್ಲೊಂದು ಲಾಸ್ ಏಂಜಲಿಸ್ ನಗರದ ಪಶ್ಚಿಮಕ್ಕಿರುವ ಮಾಲಿಬುವಿನದು. ಚಿತ್ರತಾರೆಯರ ಬಂಗಲೆಗಳಿಂದಾಗಿ ಮಾಲಿಬು ಹೆಸರುವಾಸಿ. ಹೆಸರು ಮಾತ್ರ ಸಿನಿಮಾದವರಿಗಿಂತ ಬಹಳ ಹಳೆಯದು. ಅಲ್ಲಿನ ಮೂಲನಿವಾಸಿಗಳಾದ ಚೂಮಾಶ್ ಜನರ ಊರು ‘ಹುಮಾಲಿವೊ’ ಈ ಅಳಿವೆಯ ಪಕ್ಕದಲ್ಲೇ ಇತ್ತು. ಅಲೆಯ ಮೊರೆತ ಜೋರಾಗಿರುವ ಸ್ಥಳ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಸುಮಾರು 280 ಚದರ ಕಿಲೋಮೀಟರ್ ಪ್ರದೇಶದ ಮಳೆನೀರನ್ನು ಹೊತ್ತು ತರುವ ಹೊಳೆ ಇಲ್ಲಿ ಕಡಲು ಸೇರುತ್ತದೆ.

1892ರಲ್ಲಿ ಫ್ರೆಡರಿಕ್ ರಿಂಜ್ ಎಂಬ ಶ್ರೀಮಂತ ಈ ಇಡೀ ಕರಾವಳಿಯ ಜಹಗೀರನ್ನು ಕೊಂಡ. 1905ರಲ್ಲಿ ಆತ ತೀರಿಕೊಂಡ ಮೇಲೆ ಆಡಳಿತ ಹಿಡಿದ ಪತ್ನಿ ಮೇ ರಿಂಜ್, ಹೊರಗಿನವರು ತನ್ನ ನೆಲದ ಮೇಲೆ ಹಾಯದಂತೆ ದಶಕಗಳ ಕಾಲ ಹೋರಾಡಿದಳು. ಗೇಟುಗಳಿಗೆ ಬೀಗ, ಕುದುರೆಯೇರಿದ ಕಾವಲುಗಾರರು. ದೊಡ್ಡ ರೈಲು ಕಂಪನಿ ಅಲ್ಲಿ ಹಳಿ ಹಾಕದಿರಲೆಂದು ಆ ಕುಟುಂಬ ತಾನೇ ಒಂದು ಪುಟ್ಟ ರೈಲುಮಾರ್ಗ ನಿರ್ಮಿಸಿಕೊಂಡಿತ್ತೆಂದರೆ ಹಟದ ಅಳತೆ ತಿಳಿಯುತ್ತದೆ! ರಸ್ತೆಯ ತಕರಾರು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1923ರಲ್ಲಿ ನ್ಯಾಯಾಲಯ ರಿಂಜ್ ಕುಟುಂಬದ ವಿರುದ್ಧ ತೀರ್ಪಿತ್ತಿತು. ಸಾರ್ವಜನಿಕ ಉಪಯೋಗವೆಂದರೆ ಬರೀ ವ್ಯಾಪಾರ ವ್ಯವಹಾರದ ಅಗತ್ಯವಲ್ಲ, ಜನರ ಆರೋಗ್ಯ, ವಿಹಾರ, ಸಂತೋಷಗಳೂ ಅದರಲ್ಲಿ ಸೇರುತ್ತವೆ ಎಂಬುದು ಆ ತೀರ್ಪಿನ ತಿರುಳು. ಕಡಲು ನೋಡುವ ಸುಖಕ್ಕೂ ಕಾನೂನಿನಲ್ಲಿ ಜಾಗ ಸಿಕ್ಕಿತು. 1929ರಲ್ಲಿ ಹೆದ್ದಾರಿ ತೆರೆಯಿತು.

ಜನಕ್ಕೆ ದಾರಿ ಕೊಟ್ಟ ಅದೇ ಹೆದ್ದಾರಿ ಅಳಿವೆಯ ಪಾಲಿಗೆ ಕೇಡಾಯಿತು. ಮುಂದಿನ ದಶಕಗಳ ಕಾಮಗಾರಿಯಲ್ಲಿ ಅಗೆದ ಮಣ್ಣನ್ನು ತಂದು ಸುರಿಯಲು ಸಿಕ್ಕಿದ್ದು ಈ ಜೌಗು ನೆಲವೇ. ಜೌಗೆಂದರೆ ಯಾರಿಗೂ ಬೇಡದ ಜಾಗವೆಂದು ಆಗ ಎಲ್ಲ ದೇಶಗಳಲ್ಲೂ ಭಾವಿಸಿದ್ದರು. ಅಳಿವೆಯ ಪಶ್ಚಿಮ ಭಾಗ ಮುಚ್ಚಿಹೋಗಿ, 1970ರ ದಶಕದ ಹೊತ್ತಿಗೆ ಅಲ್ಲಿ ಬೇಸ್‌ಬಾಲ್ ಮೈದಾನಗಳಿದ್ದವು. ಹೊಳೆಯ ಮೇಲುಭಾಗದಲ್ಲಿ ರಿಂಜ್ ಕುಟುಂಬ 1920ರ ದಶಕದಲ್ಲೇ ನೂರು ಅಡಿ ಎತ್ತರದ ಅಣೆಕಟ್ಟು ಕಟ್ಟಿಸಿತ್ತು. ಕೆಲವೇ ದಶಕಗಳಲ್ಲಿ ಅದು ಹೂಳು ತುಂಬಿ ನಿರುಪಯುಕ್ತವಾಯಿತು. ಸಮುದ್ರದಿಂದ ಹೊಳೆಗೆ ಏರಿ ಮೊಟ್ಟೆಯಿಡುವ ಸ್ಟೀಲ್‌ಹೆಡ್ ಮೀನಿಗೆ ಮಾತ್ರ ಆ ಗೋಡೆ ಅಡ್ಡವಾಗಿಯೇ ಉಳಿಯಿತು.

ಮೊದಲ ದುರಸ್ತಿ ನಡೆದದ್ದು 1983ರಲ್ಲಿ. ಮೈದಾನಗಳನ್ನು ಅಗೆದು ಮೂರು ಕಾಲುವೆ ತೋಡಿದರು. ಅವುಗಳ ಮೇಲೆ ಮರದ ಕಾಲುಸಂಕಗಳನ್ನು ಹಾಕಿ, ಜನ ನೇರವಾಗಿ ಮರಳಿನ ತೀರಕ್ಕೆ ಇಳಿಯುವಂತೆ ಮಾಡಿದರು. ನೋಡಲು ಚೆಂದವಾಗಿತ್ತು; ನೀರಿಗೆ ಒಗ್ಗಲಿಲ್ಲ. ಬೆರಳುಗಳಂತೆ ಚಾಚಿದ ಆ ಕಾಲುವೆಗಳಿಗೆ ಹೊಳೆಯ ಹರಿವೂ ಮುಟ್ಟುತ್ತಿರಲಿಲ್ಲ, ಉಬ್ಬರ ಇಳಿತದ ಸೆಳೆತವೂ ಸಾಲುತ್ತಿರಲಿಲ್ಲ. ಸಂಕಗಳ ಬಳಿ ಇಕ್ಕಟ್ಟು ಬೇರೆ. ಒಳಗೆ ಬಂದ ನಯವಾದ ಹೂಳು ಅಲ್ಲೇ ತಂಗಿತು. ಮೇಲಿನ ಊರುಗಳ ಕೊಳೆಯಿಂದ ಗೊಬ್ಬರದ ಅಂಶ ಸೇರಿದ ನೀರಿನಲ್ಲಿ ಪಾಚಿ ಹುಲುಸಾಗಿ ಬೆಳೆಯಿತು. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ತಳದಲ್ಲಿ ಕಪ್ಪು ಕೆಸರು, ಅದರಲ್ಲಿ ಹುಳಹುಪ್ಪಟೆಯೂ ಬದುಕದ ಸ್ಥಿತಿ. ಹಳೆಯ ಬಾವಿಯ ಹೂಳೆತ್ತಿದವರಿಗೆ ಆ ವಾಸನೆ ಗೊತ್ತು.

ಆದ್ದರಿಂದ ಎರಡನೆಯ ದುರಸ್ತಿಗೆ ರಾಜ್ಯದ ಉದ್ಯಾನ ಇಲಾಖೆ ಮುಂದಾದಾಗ ದೊಡ್ಡ ಗದ್ದಲವೆದ್ದಿತು. ತೀರದ ರಕ್ಷಣೆಗೆಂದೇ ಇರುವ ಕೋಸ್ಟಲ್ ಕಮಿಷನ್ 2010ರಲ್ಲಿ ಒಪ್ಪಿಗೆ ಕೊಟ್ಟಿತು. ವಿರೋಧಿಗಳು ನ್ಯಾಯಾಲಯಕ್ಕೆ ಹೋದರು. ವಿಚಿತ್ರವೆಂದರೆ ಎರಡೂ ಕಡೆ ಪರಿಸರವಾದಿಗಳೇ ಇದ್ದರು. ಜೀವ ತುಂಬಿದ ಜೌಗಿಗೆ ಬುಲ್ಡೋಜರ್ ಇಳಿಸುವುದು ಎಂಥ ಪುನಶ್ಚೇತನ ಎಂದು ಒಬ್ಬರು. ಉಸಿರು ಕಟ್ಟಿದ ನೀರನ್ನು ಹಾಗೇ ಬಿಡುವುದು ಎಂಥ ರಕ್ಷಣೆ ಎಂದು ಇನ್ನೊಬ್ಬರು. ಪಕ್ಕದ ಸರ್ಫ್‌ರೈಡರ್ ಬೀಚಿನ ಅಲೆ ಕೆಟ್ಟುಹೋದೀತೆಂಬುದು ಹಲಗೆಯ ಮೇಲೆ ಅಲೆಯೇರುವ ಸರ್ಫಿಂಗ್ ಪ್ರಿಯರ ಆತಂಕ. ಜೊತೆಗೆ ಮೂರು ಕಾಲುಸಂಕಗಳನ್ನು ಕೀಳುವ ವಿಷಯ. ನೇರ ದಾರಿ ಹೋಗಿ ಸುತ್ತುದಾರಿ ಬರುತ್ತದಲ್ಲ ಎಂಬ ಈ ಅಸಮಾಧಾನವನ್ನು ಸಣ್ಣದೆಂದು ತಳ್ಳಿಹಾಕುವಂತಿರಲಿಲ್ಲ. ಏಕೆ?

ಮಾಲಿಬುವಿನಲ್ಲಿ ತೀರಕ್ಕೆ ಇಳಿಯುವ ದಾರಿಯೆಂದರೆ ಚಿನ್ನದ ಬೆಲೆ. ಸರಾಸರಿ ಉಬ್ಬರದ ಗೆರೆಯಿಂದ ಕೆಳಗಿನ ಮರಳು ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕರ ಸ್ವತ್ತು. ಆದರೆ ಹೆದ್ದಾರಿಗೂ ಮರಳಿಗೂ ನಡುವೆ ಮನೆಗಳ ಸಾಲು ಗೋಡೆಯಂತೆ ನಿಂತರೆ ಆ ಸ್ವತ್ತಿನಿಂದ ಏನು ಫಲ? 1972ರಲ್ಲಿ ಜನ ಮತ ಹಾಕಿ ಕೋಸ್ಟಲ್ ಕಮಿಷನ್ ತಂದರು. 1976ರಲ್ಲಿ ಕರಾವಳಿ ಕಾಯಿದೆ ಬಂತು. ಮನೆ ವಿಸ್ತರಿಸಲು ಅನುಮತಿ ಬೇಕಾದವರು ಪಕ್ಕದಲ್ಲಿ ಕಾಲುದಾರಿ ಬಿಡುವುದಾಗಿ ಒಪ್ಪಿಕೊಳ್ಳುವ ಪದ್ಧತಿ ಬೆಳೆಯಿತು. ಒಪ್ಪುವುದೇನೋ ಸುಲಭ. ಹಾಲಿವುಡ್ಡಿನ ನಿರ್ಮಾಪಕರೊಬ್ಬರು 1983ರಲ್ಲಿ ಒಪ್ಪಿದ ದಾರಿಯ ಗೇಟು ಜನರಿಗೆ ತೆರೆದದ್ದು 2005ರಲ್ಲಿ!

ತೀರದ ಮೇಲೆ ಸರ್ಕಾರದ ಹಕ್ಕು ಒಡೆಯನದಲ್ಲ, ಧರ್ಮದರ್ಶಿಯದು ಎಂಬ ಈ ತತ್ತ್ವದ ಬೇರು ರೋಮನರ ಕಾಲಕ್ಕೆ ಹೋಗುತ್ತದೆ. ನಮಗೂ ಅದು ಬಂದಿದೆ, ಅದೂ ಕ್ಯಾಲಿಫೋರ್ನಿಯಾದ ಮೂಲಕವೇ. ಬಿಯಾಸ್ ನದಿಯ ದಂಡೆಯ ಹೋಟೆಲೊಂದರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಈ ತತ್ತ್ವವನ್ನು ಎತ್ತಿಹಿಡಿದಾಗ, ಅಲ್ಲಿನ ಮೋನೋ ಸರೋವರದ 1983ರ ತೀರ್ಪನ್ನು ಉಲ್ಲೇಖಿಸಿತ್ತು.

ಮಾಲಿಬುವಿನ ದಾವೆಯಲ್ಲಿ 2011ರಲ್ಲಿ ಸರ್ಕಾರದ ಪರ ತೀರ್ಪಾಯಿತು. 2012ರ ಜೂನ್‌ನಲ್ಲಿ, ರಸ್ತೆಯಂಚಿನ ಪ್ರತಿಭಟನೆಯ ನಡುವೆ, ಕೆಲಸ ಆರಂಭವಾಯಿತು. ಅಳಿವೆಯ ಪಶ್ಚಿಮ ಭಾಗವನ್ನು ಒಡ್ಡು ಹಾಕಿ ಬೇರ್ಪಡಿಸಿ, ನೀರು ಹೊರಹಾಕಿ, ಕೆಸರನ್ನೂ ಹಳೆಯ ಭರ್ತಿ ಮಣ್ಣನ್ನೂ ತೆಗೆದರು. ಮೂರು ಕಾಲುವೆಗಳ ಬದಲು ಕವಲೊಡೆಯುವ ಒಂದೇ ಮುಖ್ಯ ಕಾಲುವೆ, ಇಳಿಜಾರಾದ ದಡಗಳು, ಹಕ್ಕಿಗಳಿಗಾಗಿ ನಡುಗಡ್ಡೆಗಳು. ಅಳಿವೆಯ ಬಾಯಿ ಮುಚ್ಚಿರುವ ತಿಂಗಳುಗಳಲ್ಲಿ ಉಬ್ಬರ ಇಳಿತದ ಸಹಾಯವಿರುವುದಿಲ್ಲ. ಆಗ ಗಾಳಿಯೇ ನೀರನ್ನು ಕಲಕಬೇಕು. ಹೀಗಾಗಿ ಗಾಳಿ ಬೀಸುವ ದಿಕ್ಕನ್ನೂ ಲೆಕ್ಕಕ್ಕೆ ಹಿಡಿದು ಕಾಲುವೆಯ ನಕ್ಷೆ ಹಾಕಿದ್ದರು. 2013ರ ಮೇ ತಿಂಗಳಲ್ಲಿ ಜಾಗ ಮತ್ತೆ ಸಾರ್ವಜನಿಕರಿಗೆ ತೆರೆಯಿತು.

ಆ ವರ್ಷವೇ ಅಪರೂಪದ ಲೀಸ್ಟ್ ಟರ್ನ್ ಹಕ್ಕಿಗಳು ಅಲ್ಲಿ ಗೂಡು ಕಟ್ಟಿದವು. ಬರಿ ಮರಳಿನ ಮೇಲೆ ಮೊಟ್ಟೆಯಿಡುವ ಸ್ನೋಯಿ ಪ್ಲೋವರ್ ಎಂಬ ಪುಟ್ಟ ಹಕ್ಕಿ, ಲಾಸ್ ಏಂಜಲಿಸ್ ಜಿಲ್ಲೆಯಲ್ಲಿ 1949ರ ನಂತರ ಮೊದಲ ಸಲ ಗೂಡು ಮಾಡಿದ್ದು 2017ರಲ್ಲಿ. ಆ ಗೂಡುಗಳಲ್ಲಿ ಕೆಲವು ಮಾಲಿಬು ಅಳಿವೆಯ ಬಳಿಯವು. ಗೂಡಿರುವಷ್ಟು ಕಾಲ ಸುತ್ತ ಬೇಲಿ ಹಾಕಬೇಕಾಗುತ್ತದೆ. ಜನರಿಗಾಗಿ ಗೇಟು ತೆಗೆಸಿದ ತೀರದಲ್ಲೇ ಹಕ್ಕಿಗಾಗಿ ಬೇಲಿ.

ಕಾಲುಸಂಕಗಳು ಈಗಿಲ್ಲ. ಹೊಸ ಹಾದಿ ಅಳಿವೆಯ ಅಂಚನ್ನು ಬಳಸಿಕೊಂಡು, ತಾರೆಯರ ಬಡಾವಣೆಯ ಪಕ್ಕದಲ್ಲಿ ಸಾಗಿ ಮರಳಿಗೆ ಇಳಿಯುತ್ತದೆ. ಸರ್ಫಿಂಗ್ ಹಲಗೆ ಹೊತ್ತವರು ಮೊದಲಿಗಿಂತ ಹೆಚ್ಚು ನಡೆಯಬೇಕು.