ಮುಟ್ಟದೆ ತೆಗೆಯುವ ಚಿತ್ರ

ಹಗಲಿನಲ್ಲಿ ಛಾಯಾಚಿತ್ರ ತೆಗೆಯಲು ಕ್ಯಾಮೆರಾದ ಷಟರ್ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ತೆರೆದರೆ ಸಾಕು. ರಾತ್ರಿಯ ಆಕಾಶದಿಂದ ಬರುವ ಬೆಳಕಾದರೋ ಅತ್ಯಲ್ಪ. ಅದನ್ನು ಕೂಡಿಹಾಕಲು ಷಟರನ್ನು ಹಲವು ಸೆಕೆಂಡು, ಕೆಲವೊಮ್ಮೆ ಹಲವು ನಿಮಿಷ ತೆರೆದಿಡಬೇಕು. ಅಷ್ಟು ಹೊತ್ತೂ ಕ್ಯಾಮೆರಾ ನಿಶ್ಚಲವಾಗಿರಬೇಕು. ಅದನ್ನು ಟ್ರೈಪಾಡಿನ ಮೇಲೆ ಭದ್ರವಾಗಿ ಕೂರಿಸಿದರೂ ಅಲುಗಾಟಕ್ಕೆ ಒಂದು ಕಾರಣ ಉಳಿದೇ ಇರುತ್ತದೆ. ಅದು ಗುಂಡಿಯನ್ನು ಒತ್ತುವ ನಮ್ಮ ಬೆರಳು.

ಇದರಿಂದಾಗುವ ಹಾನಿಯನ್ನು ಲೆಕ್ಕ ಹಾಕಿ ನೋಡೋಣ. ಮಸೂರದ ಸಂಗಮದೂರ 50 ಮಿಲಿಮೀಟರ್ ಇರಲಿ. ಕ್ಯಾಮೆರಾ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ ಓರೆಯಾದರೆ ಬಿಂಬವು ಸುಮಾರು 0.015 ಮಿ.ಮೀ. ಸರಿಯುತ್ತದೆ. ಇಂದಿನ ಅನೇಕ ಡಿಜಿಟಲ್ ಕ್ಯಾಮೆರಾಗಳಲ್ಲಿ ಬೆಳಕನ್ನು ಗ್ರಹಿಸುವ ಒಂದೊಂದು ಬಿಂದುವಿನ ಅಗಲ ಸುಮಾರು 0.004 ಮಿ.ಮೀ. ಮಾತ್ರ. ಆದುದರಿಂದ ಚುಕ್ಕೆಯಾಗಿ ಮೂಡಬೇಕಾದ ನಕ್ಷತ್ರವು ಮೂರು ನಾಲ್ಕು ಬಿಂದುಗಳ ಮೇಲೆ ಹರಡಿ ಗೀರಾಗುತ್ತದೆ.

ಈ ತೊಡಕು ಹೊಸದಲ್ಲ. ಹಿಂದಿನವರು ಷಟರಿಗೆ ರಬ್ಬರಿನ ಕೊಳವೆಯನ್ನು ಜೋಡಿಸಿ, ಅದರ ತುದಿಯಲ್ಲಿದ್ದ ಬಲ್ಬನ್ನು ಅದುಮುತ್ತಿದ್ದರು. ಗಾಳಿಯ ಒತ್ತಡದಿಂದ ಷಟರ್ ತೆರೆಯುತ್ತಿತ್ತು. ಹಿಡಿತ ಸಡಿಲಿಸಿದೊಡನೆ ಮುಚ್ಚುತ್ತಿತ್ತು. ಆ ಬಲ್ಬಿನ ಹೆಸರು ಇಂದಿಗೂ ಕ್ಯಾಮೆರಾಗಳ ಮೇಲೆ 'ಬಿ' ಎಂಬ ಗುರುತಾಗಿ ಉಳಿದಿದೆ. ಈ ಗುರುತಿಗೆ ಹೊಂದಿಸಿದರೆ, ಗುಂಡಿಯನ್ನು ಒತ್ತಿರುವಷ್ಟು ಕಾಲವೂ ಷಟರ್ ತೆರೆದಿರುತ್ತದೆ.

ಹಾಗಾದರೆ ಯಾವ ಸಾಧನವನ್ನು ಆರಿಸಬೇಕು? ಷಟರ್ ತೆರೆದಿರಬೇಕಾದ ಅವಧಿಯನ್ನು ನೋಡಿ ಇದನ್ನು ತೀರ್ಮಾನಿಸಬೇಕು. ಬಹುತೇಕ ಕ್ಯಾಮೆರಾಗಳು ತಾವಾಗಿಯೇ 30 ಸೆಕೆಂಡುಗಳವರೆಗೆ ಎಣಿಸಬಲ್ಲವು. ಅಷ್ಟರೊಳಗಿನ ಒಂದು ಚಿತ್ರಕ್ಕೆ ಏನನ್ನೂ ಕೊಳ್ಳಬೇಕಾಗಿಲ್ಲ. ಕ್ಯಾಮೆರಾದಲ್ಲಿರುವ ಸೆಲ್ಫ್ ಟೈಮರನ್ನು ಬಳಸಿದರೆ, ಬೆರಳಿನಿಂದಾದ ಕಂಪನವು ಅಡಗಿದ ಮೇಲೆ ಷಟರ್ ತೆರೆಯುತ್ತದೆ.

ಅವಧಿ ಇನ್ನೂ ದೀರ್ಘವಾದರೆ ದೂರದಿಂದ ನಡೆಸುವ ಸಾಧನ ಅವಶ್ಯ. ಹಳೆಯ ಯಾಂತ್ರಿಕ ಕ್ಯಾಮೆರಾಗಳಿಗೆ ಬಾಗುವ ಕೊಳವೆಯೊಳಗೆ ತಂತಿಯುಳ್ಳ ಕೇಬಲ್ ಸಾಕು. ಇಂದಿನವುಗಳಿಗೆ ವಿದ್ಯುತ್ ತಂತಿಯ ಸ್ವಿಚ್ಚು ಬೇಕು. ಅವಕೆಂಪು ಕಿರಣದ ರಿಮೋಟು ಅಗ್ಗವಾದರೂ, ಗ್ರಾಹಕವು ಅನೇಕ ಕ್ಯಾಮೆರಾಗಳ ಮುಂಭಾಗದಲ್ಲಿರುವುದರಿಂದ ಹಿಂದೆ ನಿಂತವನಿಗೆ ಅನುಕೂಲವಲ್ಲ. ರೇಡಿಯೋ ರಿಮೋಟಿಗೆ ಆ ಕಟ್ಟಿಲ್ಲ; ಆದರೆ ಅದರ ಬ್ಯಾಟರಿ ನಡುರಾತ್ರಿಯಲ್ಲಿ ಮುಗಿದರೆ ಕೆಲಸವೂ ಮುಗಿದಂತೆಯೇ.

ವಿದ್ಯಾರ್ಥಿಗೆ ಎಲ್ಲಕ್ಕಿಂತ ಉಚಿತವಾದುದು, ಒತ್ತಿದ ಗುಂಡಿಯನ್ನು ಹಾಗೆಯೇ ಬಂಧಿಸಿಡಬಹುದಾದ ಸರಳ ತಂತಿಯ ಸ್ವಿಚ್ಚು. ನಕ್ಷತ್ರಗಳ ಪಥವನ್ನು ಸೆರೆಹಿಡಿಯುವುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಭೂಮಿಯ ಭ್ರಮಣದಿಂದ ಅವು ಗಂಟೆಗೆ 15 ಡಿಗ್ರಿ ಸರಿದಂತೆ ತೋರುತ್ತವೆ. ಒಂದು ಗಂಟೆಯ ಒಂದೇ ಚಿತ್ರ ತೆಗೆದರೆ, ಹಾದುಹೋದ ವಾಹನದ ದೀಪವೊಂದೇ ಎಲ್ಲವನ್ನೂ ಕೆಡಿಸಬಹುದು. ಬದಲಾಗಿ ಕ್ಯಾಮೆರಾವನ್ನು 30 ಸೆಕೆಂಡಿಗೂ, ಒಂದರ ಹಿಂದೊಂದು ಚಿತ್ರ ತೆಗೆಯುವ ಕ್ರಮಕ್ಕೂ ಹೊಂದಿಸಿ, ಸ್ವಿಚ್ಚನ್ನು ಬಂಧಿಸಿಡಿ. ಗಂಟೆಯೊಳಗೆ ಸುಮಾರು 120 ಚಿತ್ರಗಳು ದೊರೆಯುತ್ತವೆ. ಕೆಟ್ಟದ್ದನ್ನು ಬಿಟ್ಟು ಉಳಿದವನ್ನು ಕಂಪ್ಯೂಟರಿನಲ್ಲಿ ಕೂಡಿಸಬಹುದು. ಚಿತ್ರಗಳ ನಡುವೆ ಹೆಚ್ಚು ಅಂತರ ಬೇಕಾದಾಗ ಮಾತ್ರ ಅಂತರವನ್ನು ಎಣಿಸುವ, ಬೆಲೆ ಹೆಚ್ಚಾದ ಟೈಮರ್ ಸ್ವಿಚ್ಚನ್ನು ಕೊಳ್ಳಬಹುದು.

ಕೊಳ್ಳುವ ಮುನ್ನ ಕ್ಯಾಮೆರಾದ ಮಾದರಿಗೆ ತಂತಿಯ ತುದಿ ಹೊಂದುವುದೇ ಎಂದು ಪರೀಕ್ಷಿಸಬೇಕು. ತಯಾರಕರು ಬೇರೆಯಾದಂತೆ ತುದಿಯೂ ಬೇರೆ. ಬಳಸುವಾಗ ತಂತಿಯನ್ನು ಜೋತುಬಿಡದೆ ಟ್ರೈಪಾಡಿನ ಕಾಲಿಗೆ ಸಡಿಲವಾಗಿ ಕಟ್ಟಬೇಕು. ಇಲ್ಲವಾದರೆ, ಬೆರಳಿನಿಂದ ತಪ್ಪಿಸಿದ ಅಲುಗಾಟವನ್ನು ಗಾಳಿಯಲ್ಲಿ ತೂಗುವ ತಂತಿಯೇ ಮರಳಿ ತಂದೀತು.