ನಿಮಗಿದು ಗೊತ್ತೆ? ಸೈನಿಕನ ಭುಜಲಾಂಛನವೂ ಅದರ ವಯಸ್ಸೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಳೆಯ ಮನೆಯೊಂದರ ಟ್ರಂಕಿನ ತಳದಲ್ಲಿ ಅಜ್ಜನ ಸಿಪಾಯಿಗಿರಿಯ ಕಾಲದ ಭುಜಲಾಂಛನವೇನಾದರೂ ದೊರೆತಲ್ಲಿ, ಅದರ ಕಾಲನಿರ್ಣಯಕ್ಕೆ ತೊಡಗುವವರು ಮೊದಲು ಸ್ಮರಿಸತಕ್ಕದ್ದು, ಈ ಸೀಮೆಯು 1953ರ ಅಕ್ಟೋಬರ್ 1ರವರೆಗೆ ಮೈಸೂರಿಗಲ್ಲದೆ ಮದರಾಸಿನ ಆಡಳಿತಕ್ಕೆ ಸೇರಿದ್ದಿತೆಂಬುದನ್ನು. ಆದುದರಿಂದ ಇಲ್ಲಿ ಮೈಸೂರು ಸಂಸ್ಥಾನದ ಗಂಡಭೇರುಂಡಕ್ಕಿಂತ ಮದ್ರಾಸ್ ರೆಜಿಮೆಂಟಿನ ಆನೆಯನ್ನು ನಿರೀಕ್ಷಿಸುವುದೇ ಯುಕ್ತವಾದುದು.

ಹಸಿರು ನೆಲದ ಮೇಲೆ ಇಸ್ಪೀಟಿನ ಕಪ್ಪು ಎಕ್ಕವಿದ್ದರೆ, ಅದು 1942ರಲ್ಲಿ ಬೆಂಗಳೂರಿನಲ್ಲಿ ರಚಿತವಾಗಿ ಬರ್ಮಾದ ಅರಕಾನಿನಲ್ಲಿ ಕಾದಿದ 25ನೆಯ ಭಾರತೀಯ ಡಿವಿಜನ್ನಿನದು. ಜೂಜಿನ ಎಲೆಯನ್ನು ತೋಳಿನ ಮೇಲೆ ಧರಿಸಿ ರಣಾಂಗಣಕ್ಕೆ ನಡೆದವರ ವಿನೋದಬುದ್ಧಿಗೆ ತಲೆದೂಗಲೇಬೇಕು! ಭಾರತೀಯ ಸೇನಾಚಿಹ್ನೆಯಲ್ಲಿ ಕಿರೀಟವಿದ್ದರೆ ಅದು ಗಣರಾಜ್ಯಪೂರ್ವದ ವಿನ್ಯಾಸ. ಅಶೋಕಸ್ತಂಭದ ಸಿಂಹಗಳಿದ್ದರೆ 1950ರ ಈಚಿನದು.

ಕೊಂಡು ಸಂಗ್ರಹಿಸುವವರಿಗೆ ಇನ್ನೊಂದು ಪರೀಕ್ಷೆಯುಂಟು: ನೇರಳಾತೀತ ದೀಪದಡಿ ಪ್ರಖರವಾಗಿ ಬೆಳಗುವ ನೂಲು ಬಹುಮಟ್ಟಿಗೆ ಎರಡನೆಯ ಮಹಾಯುದ್ಧಾನಂತರದ್ದು. ಆದರೆ ಈಗಿನ ಸೋಪಿನ ಪುಡಿಯಲ್ಲಿ ಅದ್ದಿದ ಹಳೆಯ ಬಟ್ಟೆಯೂ ಹಾಗೆಯೇ ಬೆಳಗುವುದರಿಂದ, ಅಜ್ಜನ ಲಾಂಛನವನ್ನು ದಯವಿಟ್ಟು ಒಗೆಯದಿರಿ.