ನಿಮಗಿದು ಗೊತ್ತೇ? ಗೀರಿನಲ್ಲಿ ಅಡಗಿದ ಬಲ

1498ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್, ಬೈಬಲಿನ ಕೊನೆಯ ಭಾಗವಾದ ‘ಪ್ರಕಟನೆ’ಗೆ 15 ದೊಡ್ಡ ಮರದಚ್ಚಿನ ಚಿತ್ರಗಳನ್ನು ಮಾಡಿ ತಾನೇ ಪುಸ್ತಕವಾಗಿ ಹೊರತಂದ. ಆಗವನಿಗೆ ಬರೀ 27 ವರ್ಷ!

ಅದರಲ್ಲಿನ ‘ನಾಲ್ವರು ಕುದುರೆ ಸವಾರರು’ ಚಿತ್ರವನ್ನು ನಿಧಾನವಾಗಿ ನೋಡಬೇಕು. ಬಿಲ್ಲು, ಕತ್ತಿ, ತಕ್ಕಡಿ ಹಿಡಿದ ಮೂವರು ಎಡದಿಂದ ಬಲಕ್ಕೆ ಓರೆಯಾಗಿ ನುಗ್ಗುತ್ತಾರೆ. ಅವರ ಹಿಂದೆ ಆಕಾಶದ ತುಂಬ ಒತ್ತೊತ್ತಾದ ಅಡ್ಡಗೆರೆಗಳು. ಕುದುರೆಗಳಿಗೆ ಆ ವೇಗ ಬಂದದ್ದೇ ಈ ಗೆರೆಗಳಿಂದ. ನಾಲ್ಕನೆಯವನು ಸಾವು. ಅವನ ಕುದುರೆ ಬಡಕಲು, ಆದರೂ ನಮಗೆ ತೀರ ಹತ್ತಿರ ಇರುವವನು ಅವನೇ. ಪಕ್ಕದಲ್ಲಿ ನರಕದ ಬಾಯಿ ಕಿರೀಟ ತೊಟ್ಟವನೊಬ್ಬನನ್ನು ನುಂಗುತ್ತಿದೆ.

ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಅಂದರೆ ಡ್ಯೂರರನ ಚಿತ್ರ ಕೊರೆದ ಮರದ ಹಲಗೆಯ ಮೇಲೆ ಆ ಸವಾರರು ಬಲದಿಂದ ಎಡಕ್ಕೆ ಓಡುತ್ತಿದ್ದರು!

ಮರದಚ್ಚಿನಲ್ಲಿ ಕಪ್ಪು ಗೆರೆಯೆಂದರೆ ಕೊರೆಯದೆ ಉಳಿಸಿದ ಮರ. ತಾಮ್ರದ ತಗಡಿನಲ್ಲಿ ಇದು ತಿರುವುಮುರುವು: ಕೊರೆದ ಗೀರಿನಲ್ಲೇ ಶಾಯಿ ನಿಲ್ಲುತ್ತದೆ, ಉಳಿ ಆಳಕ್ಕಿಳಿದಷ್ಟೂ ಗೆರೆ ದಪ್ಪವಾಗುತ್ತದೆ. ಈ ಕಸುಬು ಬೆಳೆದದ್ದು ಅಕ್ಕಸಾಲಿಗರ ಕೈಯಲ್ಲಿ. ಡ್ಯೂರರನ ತಂದೆಯೂ ಅಕ್ಕಸಾಲಿಗನೇ.

ಅಧಿಕಾರವನ್ನು ತೋರಿಸಲು ದೊಡ್ಡ ಆಕೃತಿಯೇ ಬೇಕೆ? ಬೇಕಿಲ್ಲ ಎಂದು ತೋರಿಸಿದವನು ಹಾಲೆಂಡಿನ ಲ್ಯೂಕಾಸ್ ವಾನ್ ಲೇಡನ್. ಅವನ 1510ರ ತಾಮ್ರದಚ್ಚಿನಲ್ಲಿ ರೋಮನ್ ಅಧಿಕಾರಿ ಪಿಲಾತನು ಯೇಸುವನ್ನು ಜನರ ಮುಂದೆ ನಿಲ್ಲಿಸುತ್ತಾನೆ. ಯೇಸುವೋ ದೂರದ ಕಟ್ಟೆಯ ಮೇಲೆ ಪುಟ್ಟದಾಗಿದ್ದಾನೆ. ಮುಂದೆಲ್ಲ ಗುಂಪು, ಅವರ ಬೆನ್ನುಗಳು. ತೀರ್ಪು ಯಾರ ಕೈಯಲ್ಲಿತ್ತೆಂದು ಬೇರೆ ಹೇಳಬೇಕಿಲ್ಲ. ನೋಡುವ ನಾವೂ ಆ ಗುಂಪಿನ ಹಿಂದೆಯೇ ನಿಂತಿರುತ್ತೇವೆ ಎಂಬುದು ನನ್ನನ್ನು ಪ್ರತಿಸಲವೂ ಕಾಡುತ್ತದೆ.

ಅದೇ ಲ್ಯೂಕಾಸನ ಇನ್ನೊಂದು ಚಿತ್ರದಲ್ಲಿ ಬೈಬಲಿನ ದಾವೀದ ಕಿನ್ನರಿ ನುಡಿಸುತ್ತಿದ್ದಾನೆ. ಎದುರಿನ ಸೌಲ ರಾಜನ ಕೈಯಲ್ಲಿ ಈಟಿ.

ಇಟಲಿಯ ಮಾರ್ಕಾಂಟೋನಿಯೊ ರೈಮೊಂಡಿ, ರಾಫೆಲ್ ಬರೆದುಕೊಟ್ಟ ರೇಖಾಚಿತ್ರದಿಂದ ‘ಹಸುಳೆಗಳ ಕಗ್ಗೊಲೆ’ಯನ್ನು ತಾಮ್ರದಲ್ಲಿ ಕೊರೆದ. ಕೊಲ್ಲಲು ಆಜ್ಞೆ ಕೊಟ್ಟ ಹೆರೋದ ರಾಜ ಅದರಲ್ಲೆಲ್ಲೂ ಕಾಣುವುದಿಲ್ಲ. ಕಾಣುವುದು ಕತ್ತಿ ಹಿಡಿದ ತೋಳುಗಳು ಮತ್ತು ಮಗುವನ್ನು ಅವಚಿಕೊಂಡು ನಮ್ಮತ್ತಲೇ ಓಡಿಬರುವ ತಾಯಿ.

ಮತ್ತೆ ಡ್ಯೂರರನ ‘ಪ್ರಕಟನೆ’ಗೇ ಬಂದರೆ, ದೇವದೂತ ಮೀಕಾಯೇಲ ಎರಡೂ ಕೈಯಿಂದ ಉದ್ದನೆಯ ಈಟಿಯನ್ನು ಘಟಸರ್ಪದ ಗಂಟಲಿಗೆ ಇಳಿಸುತ್ತಿದ್ದಾನೆ. ಮೇಲೆ ರೆಕ್ಕೆ, ಉಗುರು, ಬಾಲಗಳ ಗೋಜಲು. ಅದರ ಕೆಳಗೇ ಬಿಳಿಯಾಗಿ ಬಿಟ್ಟ ಬಯಲು, ಮರಗಳು, ನೀರು, ಏನೂ ಅರಿಯದ ಒಂದು ಪುಟ್ಟ ಊರು.